ಮೇಲಿನ ಕೋಣೆಯ ಅಳತೆಗಾರ

ಫ್ರಾನ್ಸಿನ ನಮ್ಮ ಮನೋಸ್ಕ್ ಊರಿನಲ್ಲಿ ಕೋಣೆ ಬಾಡಿಗೆಗೆ ಕೊಟ್ಟವರಿಗೆಲ್ಲ ಒಬ್ಬ ಅಳತೆಗಾರ ಸಿಕ್ಕೇ ಸಿಗುತ್ತಾನೆ. ನನಗೆ ಸಿಕ್ಕವನು ಇಟಲಿಯ ಒರ್ಲಾಂಡಿ. ಭೂಮಿಯ ಮೇಲೆ ಸೂರ್ಯನ ಬೆಂಕಿ ಹೊತ್ತಿಸಲು ಹತ್ತಾರು ದೇಶಗಳು ಸೇರಿ ಇಲ್ಲೇ ಹತ್ತಿರದಲ್ಲಿ ಕಟ್ಟುತ್ತಿರುವ ದೊಡ್ಡ ಯಂತ್ರವಿದೆಯಲ್ಲ, ಅದರ ಬೆಸುಗೆಗಳನ್ನು ಪರೀಕ್ಷಿಸುವುದು ಅವನ ಕೆಲಸ. ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ಬಾಗಿಲಿನ ಸಂದು ಅಳೆಯುತ್ತಾನೆ, ಬ್ರೆಡ್ಡಿನ ತುಂಡು ಅಳೆಯುತ್ತಾನೆ, ತಿಂದ ಆಲಿವ್ ಬೀಜಗಳನ್ನು ತಟ್ಟೆಯ ಅಂಚಿಗೆ ಸಮದೂರದಲ್ಲಿ ಜೋಡಿಸುತ್ತಾನೆ. "ಮದಾಮ್, ನಿಮ್ಮ ಮೇಜು ಎಡಕ್ಕೆ ಎರಡು ಮಿಲಿಮೀಟರ್ ವಾಲಿದೆ" ಎನ್ನುತ್ತಾನೆ. "ನಾನೂ ವಾಲಿದೀನಿ, ಸುಮ್ನೆ ಸೂಪ್ ಕುಡೀರಿ" ಎನ್ನುತ್ತೇನೆ. ಬೆಂಕಿ ಯಾವಾಗ ಹೊತ್ತುತ್ತದೆ ಎಂದು ಕೇಳಿದರೆ "ಇನ್ನು ಹತ್ತು ವರ್ಷ" ಎನ್ನುತ್ತಾನೆ. ಐದು ವರ್ಷದ ಹಿಂದೆಯೂ ಹತ್ತೇ ಅಂದಿದ್ದ. ಅವನ ಅಳತೆ ತಪ್ಪುವುದು ಅದೊಂದರಲ್ಲೇ. ಈ ವಸಂತದಲ್ಲಿ ಹಳೆಯ ಬೆಸುಗೆಗಳನ್ನೆಲ್ಲ ಮತ್ತೆ ನೋಡಬೇಕೆಂದು ಆದೇಶ ಬಂತು. ಅದೇ ಯಂತ್ರದಲ್ಲಿ ಬೆಸುಗೆಗಾರನಾಗಿದ್ದ ನನ್ನ ಗಂಡ ಒನೊರೆ ಸಾಯುವ ಮುಂಚೆ ಹಾಕಿದ ಕೊನೆಯ ಬೆಸುಗೆಯೂ ಅದರಲ್ಲಿತ್ತು. ಅವನ ಕೈಕೆಲಸದ ಕೊನೆಯ ಗುರುತು ಅಂತ ಈ ಲೋಕದಲ್ಲಿ ಉಳಿದಿದ್ದು ಅದು. "ಅದೊಂದನ್ನ ಬಿಟ್ಬಿಡಿ" ಎಂದು ಬೇಡಿಕೊಂಡೆ. ಮೂರನೆಯ ದಿನ ಸಂಜೆ ಒರ್ಲಾಂಡಿ ಟೋಪಿ ತೆಗೆದು ಬಾಗಿಲಲ್ಲೇ ನಿಂತ. "ಅದನ್ನ ಕತ್ತರಿಸ್ಬೇಕು ಅಂತ ವರದಿ ಬರೆದೆ, ಮದಾಮ್. ಒಳಗೆ ಕೂದಲೆಳೆಯಷ್ಟು ಬಿರುಕಿದೆ. ನಾಲ್ಕು ಸಲ ನೋಡಿದೆ." ಬೈಯಲು ಬಾಯಿ ತೆರೆದೆ. ಅವನು ತಲೆ ತಗ್ಗಿಸಿ ಟೋಪಿಯ ಅಂಚನ್ನು ಬೆರಳಿನಿಂದ ಮತ್ತೆ ಮತ್ತೆ ಅಳೆಯುತ್ತಿದ್ದ. "ಒನೊರೆ ಇದ್ದಿದ್ರೆ, ನಾಲ್ಕು ಸಲ ಯಾಕಯ್ಯಾ, ಬಿರುಕು ಅಂದ್ರೆ ಬಿರುಕು, ಒಂದು ಸಲ ನೋಡಿದ್ರೆ ಸಾಲ್ದಾ ಅಂತ ಬೈತಿದ್ದ" ಎಂದೆ. "ಒಳಗೆ ಬನ್ನಿ, ಊಟ ಆರುತ್ತೆ."