ಹತ್ತೊಂಬತ್ತು ತಂಗಿಯರ ಅಣ್ಣ

ನನ್ನ ಮಗಳಿಗೆ ಏಳು ತಿಂಗಳು ತುಂಬಿದರೂ ಹೆಸರಿರಲಿಲ್ಲ. ಲಸಿಕೆ ಕಾರ್ಡಿನಲ್ಲಿ ‘ಬೇಬಿ ಆಫ್ ಮೇಘಶ್ರೀ’ ಎಂದಿತ್ತು. ಮಕ್ಕಳ ಡಾಕ್ಟರ ಹತ್ತಿರ ಹೋದಾಗಲೆಲ್ಲ ಹಾಗೆಯೇ ಕೂಗುತ್ತಿದ್ದರು, ಸಾಲಿನಲ್ಲಿ ಕೂತ ತಾಯಂದಿರೆಲ್ಲ ನನ್ನನ್ನು ಒಂಥರಾ ನೋಡುತ್ತಿದ್ದರು. ಏಳು ತಿಂಗಳ ಮಗು ಹೆಸರು ಕರೆದರೆ ತಿರುಗಬೇಕು, ತಿರುಗದಿದ್ದರೆ ಕಿವಿ ಪರೀಕ್ಷೆ ಮಾಡಿಸಬೇಕು ಅಂತ ನಾನು ಫೋನಿನಲ್ಲಿ ಓದಿದ್ದೆ. ಇಲ್ಲದ ಹೆಸರಿಗೆ ಅದು ಹೇಗೆ ತಿರುಗೀತು? ಅದಕ್ಕೇ ದಿನಕ್ಕೆ ನಾಲ್ಕು ಸಲ ಅವಳ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿಯುತ್ತಿದ್ದೆ. ಅವಳು ತಿರುಗುತ್ತಿದ್ದಳು. ಪಕ್ಕದ ಮನೆಯವರೂ ತಿರುಗುತ್ತಿದ್ದರು.

ಇದಕ್ಕೆಲ್ಲ ಕಾರಣ ನಮ್ಮ ಮಾವ, ಚಂದ್ರಯ್ಯನವರು.

ಮಾವನವರಿಗೆ ಈಗ ಅರವತ್ತಾರು. ಗೊರೂರಿನಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಕೆಲಸ ಮಾಡಿದವರು: ಬೆಳಿಗ್ಗೆ ಎದ್ದು ಅಳತೆಪಟ್ಟಿಯಲ್ಲಿ ಅಣೆಕಟ್ಟಿನ ನೀರಿನ ಮಟ್ಟ ನೋಡುವುದು, ಪುಸ್ತಕಕ್ಕೆ ಬರೆಯುವುದು. ನೀರು ಅಲ್ಲಾಡುತ್ತಿದ್ದರೆ ಅದು ನಿಲ್ಲುವವರೆಗೆ ಕಾಯುವುದು. ಪಟ್ಟಿ ತೋರಿಸದ ಅಂಕಿಯನ್ನು ಅವರು ಒಂದು ದಿನವೂ ಬರೆದವರಲ್ಲ, ಬರೆದದ್ದನ್ನು ಒಂದು ಸಲವೂ ಹೊಡೆದುಹಾಕಿದವರಲ್ಲ. ನಿವೃತ್ತಿಯಾಗಿ ಹಾಸನದ ನಮ್ಮ ಮನೆಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಮಗಳು ಹುಟ್ಟಿದ ಮೇಲೆ ಹಾಲಿನ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, “ತೊಂಬತ್ತು. ನೊರೆ ಬುಟ್ಟು,” ಎಂದು ಹೇಳುತ್ತಿದ್ದರು. ಮನೆಯಲ್ಲಿ ನನ್ನಷ್ಟೇ ಎಚ್ಚರಿಕೆಯ ಇನ್ನೊಬ್ಬರಿದ್ದಾರೆ ಎಂದು ನನಗೆ ಅದೊಂದು ಧೈರ್ಯ.

ಹನ್ನೊಂದನೇ ದಿನ ಎಣ್ಣೆ ಹಚ್ಚಿ ನೀರು ಹಾಕಲು ಬರುತ್ತಿದ್ದಾಕೆ ಮಗುವನ್ನು ಒರೆಸಿ ಮಾವನವರ ಕೈಗೆ ಕೊಟ್ಟು, “ಇಡ್ಕಳಿ ನಿಮ್ ಕೂಸ,” ಎಂದಳು. ಅವರು ಹಿಡಿದುಕೊಂಡವರು ಅಲ್ಲಾಡಲೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಎಸ್ರು ಯಾರು ಕರೀತಾರೆ?” ಎಂದರು.

ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ. ನನ್ನ ಗಂಡ ಅನಿಲ್‌ಕುಮಾರ್ ಒಬ್ಬನೇ ಮಗ, ಅಕ್ಕತಂಗಿ ಇಲ್ಲ. ತೀರಿಕೊಂಡ ನಮ್ಮತ್ತೆಯ ಕಡೆಯ ಹುಡುಗಿ ಒಬ್ಬಳನ್ನು ಕೂರಿಸಿದರಾಯಿತು ಎಂದೆ.

“ಬ್ಯಾಡ ಕಣವ್ವ. ಅನಿಲಂಗೆ ಸೋದರತ್ತೆ ಅವ್ಳಲ್ಲ, ನನ್ ತಂಗಿ. ಅವ್ಳೇ ಕರೀಲಿ.”

“ನಿಮಗೆ ತಂಗಿ ಇದ್ದಾರಾ ಮಾವ? ಎಲ್ಲಿದ್ದಾರೆ?”

“ಅದೇ ಗೊತ್ತಿಲ್ಲ.”

ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಈ ತಂಗಿಯ ಸುದ್ದಿ ನಾನು ಕೇಳಿದ್ದು ಅಂದೇ. ಅವರು ಹೇಳಿದ್ದಿಷ್ಟು. ಅರಕಲಗೂಡು ಕಡೆಯ ಹಳ್ಳಿ. ಅವರಿಗೆ ಏಳು ವರ್ಷ, ತಂಗಿಗೆ ನಾಲ್ಕು ಇದ್ದಾಗ ಅಪ್ಪ ಅವ್ವ ಒಬ್ಬರ ಹಿಂದೆ ಒಬ್ಬರು ಹೋದರು. ಯಾರೋ ನೆಂಟರು ಇಬ್ಬರನ್ನೂ ಹೊಳೆನರಸೀಪುರದ ಆಚೆ ಇದ್ದ ಒಂದು ಮಕ್ಕಳ ಆಶ್ರಮಕ್ಕೆ ಬಿಟ್ಟು ಬಂದರು. ಗಂಡುಮಕ್ಕಳು ಈ ಕಡೆ, ಹೆಣ್ಣುಮಕ್ಕಳು ಆ ಕಡೆ, ನಡುವೆ ಒಂದು ಕೊಳಾಯಿ. ಆರು ತಿಂಗಳಿಗೆ ಯಾರೋ ಬಂದು ತಂಗಿಯನ್ನು ಸಾಕಲು ಕರೆದುಕೊಂಡು ಹೋದರು. ಅಷ್ಟೇ. ಆಶ್ರಮ ಮುಚ್ಚಿ ಬಹಳ ಕಾಲವಾಯಿತು. ಅಲ್ಲಿನ ಕಡತವನ್ನೆಲ್ಲ ಗೆದ್ದಲು ತಿಂದಿದೆ. ಮಾವನವರು ನಾಲ್ಕು ಸಲ ಹೋಗಿ ಆ ಗೆದ್ದಲನ್ನಷ್ಟೇ ನೋಡಿ ಬಂದಿದ್ದರು.

“ಹೆಸರೇನು ಅವರದ್ದು?”

“ಇನ್ನೂ ಇಕ್ಕಿರ್ನಿಲ್ಲ. ಇವತ್ತು ನಾಳೆ ಅಂತಿದ್ರು, ಅಷ್ಟ್ರಲ್ಲೇ ಅವ್ರೇ ಒಂಟೋದ್ರು. ನಾವು ಕೂಸು ಅಂತಿದ್ವಿ. ಆಶ್ರಮದೋರು ಏನ್ ಬರ್ಕೊಂಡ್ರೋ.”

ಹೆಸರಿಲ್ಲದ ತಂಗಿಯನ್ನು ಹುಡುಕಿ ತಂದು ಹೆಸರಿಲ್ಲದ ಮಗುವಿಗೆ ಹೆಸರು ಇಡಿಸಬೇಕು. ನಾನು ಜನನ ಪ್ರಮಾಣಪತ್ರದ ನಿಯಮಗಳನ್ನು ಓದತೊಡಗಿದೆ.

ಆರು ತಿಂಗಳು ಅಲ್ಲಿ ಇಲ್ಲಿ ವಿಚಾರಿಸಿದ್ದಾಯಿತು. ಕೊನೆಗೆ ಹಾಸನದ ಒಂದು ಪತ್ರಿಕೆಗೆ ಪ್ರಕಟಣೆ ಕೊಡುವುದು ಎಂದಾಯಿತು. ಬರೆಯಲು ಕೂತ ಅನಿಲ್, “ತಾತನ ಹೆಸ್ರು ಏನು ಹಾಕ್ಲಪ್ಪ?” ಎಂದ.

“ಚನ್ನಬಸವಯ್ಯ ಅಂತ ಹಾಕು. ನನ್ ಸರ್ವಿಸ್ ಪುಸ್ತಕದಲ್ಲಿ ಅದೇ ಐತೆ.”

ನನಗೂ ಗೊತ್ತಿದ್ದದ್ದು ಅದೇ. ಆದರೆ ಚನ್ನಬಸವಯ್ಯ ಎಂದರೆ ಆ ಆಶ್ರಮದ ವಾರ್ಡನ್ನಂತೆ! ಸ್ಕೂಲಿಗೆ ಸೇರಿಸುವಾಗ ತಂದೆಯ ಹೆಸರು ಬೇಕೇ ಬೇಕೆಂದರೆ, ಆ ಪುಣ್ಯಾತ್ಮರು ಪ್ರತಿ ಮಗುವಿಗೂ ತಮ್ಮ ಹೆಸರನ್ನೇ ಬರೆಸುತ್ತಿದ್ದರಂತೆ. ಹುಟ್ಟಿದ ದಿನ ಎಲ್ಲರಿಗೂ ಜೂನ್ ಒಂದು.

“ಅಪ್ಪ, ಇದು ಸುಳ್ಳಲ್ವಾ? ಹೆತ್ತೋರ ಹೆಸ್ರು ಹಾಕೋಣ.”

“ದಾಖ್ಲೇಲಿ ಇಲ್ದೇ ಇರೋದ ಎಂಗ್ಲಾ ಹಾಕೀಯೆ? ಐತೆ ಅಂತ ತೋರ್ಸಕ್ಕೆ ಏನೈತೆ ನನ್ತಾವ? ಇರೋದ ಬರಿ.”

ಪಟ್ಟಿ ತೋರಿಸದ ಅಂಕಿಯನ್ನು ಬರೆಯದ ಮನುಷ್ಯ. ನಾನೂ ಸುಮ್ಮನಿದ್ದೆ, ನನಗೆ ಬೇಗ ಮುಗಿದರೆ ಸಾಕಾಗಿತ್ತು. ಪ್ರಕಟಣೆ ಹೀಗೆ ಹೊರಟಿತು: ಹೊಳೆನರಸೀಪುರದ ಆಶ್ರಮದಲ್ಲಿದ್ದ, ತಂದೆ ಚನ್ನಬಸವಯ್ಯ, ಹುಟ್ಟಿದ ದಿನ ಜೂನ್ ಒಂದು, ಇಂಥ ತಂಗಿ ಎಲ್ಲಿದ್ದರೂ ಭಾನುವಾರ ಬೆಳಿಗ್ಗೆ ದಾಖಲೆಯೊಂದಿಗೆ ಅಣ್ಣನ ಮನೆಗೆ ಬರುವುದು, ಊಟದ ವ್ಯವಸ್ಥೆ ಇದೆ.

ಒಬ್ಬರಿಗೆಂದು ಅಡುಗೆ ಮಾಡಿದ್ದೆ. ಹತ್ತೊಂಬತ್ತು ಜನ ಬಂದರು.

ಮೊದಲ ಮೂವರನ್ನು ಮಾವನವರು ಗೇಟಿನವರೆಗೆ ಹೋಗಿ ಕರೆತಂದರು. ಏಳನೆಯವರ ಹೊತ್ತಿಗೆ ಅವರು ಒಳಗೆ ಹೋಗಿ ಒಂದು ಹೊಸ ಪುಸ್ತಕ ತಂದು ಗೆರೆ ಎಳೆದರು: ಹೆಸರು, ಊರು, ತಂದೆ, ಹುಟ್ಟಿದ ದಿನ, ಷರಾ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಅರಕಲಗೂಡು, ಸಾಲಗಾಮೆ, ಚನ್ನರಾಯಪಟ್ಟಣ, ಹೊಳೆನರಸೀಪುರ. ಒಬ್ಬೊಬ್ಬರೂ ಪ್ಲಾಸ್ಟಿಕ್ ಕವರಿನಿಂದ ಸ್ಕೂಲಿನ ಟಿ.ಸಿ. ತೆಗೆದು ಕೊಟ್ಟರು. ಎಲ್ಲದರಲ್ಲೂ ಚನ್ನಬಸವಯ್ಯ, ಎಲ್ಲದರಲ್ಲೂ ಜೂನ್ ಒಂದು. ವಯಸ್ಸು ಮಾತ್ರ ನಲವತ್ತಾರರಿಂದ ಎಪ್ಪತ್ತೈದರವರೆಗೆ. ಎಪ್ಪತ್ತೈದರ ತಂಗಿ ಮಾವನವರ ತಲೆ ಸವರಿ, “ಸಣ್ಣಗಾಗೋಗಿದ್ದೀಯಲ್ಲೋ ಅಣ್ಣ,” ಎಂದು ಅತ್ತರು.

ನನಗೆ ಬೇರೆಯದೇ ಭಯ. ಗುರುತಿಲ್ಲದ ಹತ್ತೊಂಬತ್ತು ಹೆಂಗಸರು, ಒಂದು ಮಗು. ಮಕ್ಕಳ ಕಳ್ಳರ ವಿಡಿಯೋ ನಾನು ಎಷ್ಟು ನೋಡಿಲ್ಲ! ಒಳಗೆ ಬಂದವರಿಗೆಲ್ಲ ಮೊದಲು ಕೈಗೆ ಸ್ಯಾನಿಟೈಸರ್, ಆಮೇಲೆ ಗುರುತಿನ ಚೀಟಿಯ ಫೋಟೋ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಆಶ್ರಮದಲ್ಲೂ ಹೀಗೇ ಸಾಲಿನಲ್ಲಿ ನಿಲ್ಲಿಸಿ ಕೈಗೆ ಏನೋ ಹಾಕುತ್ತಿದ್ದರಂತೆ.

ಅರಕಲಗೂಡಿನ ಪ್ರೇಮಕುಮಾರಿ ಗಂಡನನ್ನೂ ಕರೆತಂದಿದ್ದರು. ಆತ ದೇವರಾಜ್, ಅದೇ ಆಶ್ರಮದಲ್ಲಿ ಬೆಳೆದವರು, ಅವರ ಟಿ.ಸಿ.ಯಲ್ಲೂ ಅದೇ ತಂದೆ. ಇವರ ಮದುವೆ ನೋಂದಣಿ ಮಾಡಿಸಲು ಹೋದಾಗ ಗುಮಾಸ್ತ ಎದ್ದು ನಿಂತುಬಿಟ್ಟಿದ್ದನಂತೆ.

“ಸಾ, ನಾನು ನಿಮ್ಗೆ ಭಾವ್ನೋ ತಮ್ಮನೋ?” ಎಂದರು ದೇವರಾಜ್.

ಮಾವನವರು ಕನ್ನಡಕ ಸರಿಮಾಡಿಕೊಂಡು ಟಿ.ಸಿ. ಇನ್ನೊಮ್ಮೆ ನೋಡಿ, “ದಾಖ್ಲೆ ಪ್ರಕಾರ ಎಲ್ಡೂ,” ಎಂದರು.

ದಾಖಲೆಯಿಂದ ತೀರ್ಮಾನ ಆಗುವುದಿಲ್ಲ ಎಂದಾಗ ಪ್ರಶ್ನೆ ಕೇಳತೊಡಗಿದರು. ಕೊಳಾಯಿ ಯಾವ ಕಡೆಗಿತ್ತು? ಹತ್ತೊಂಬತ್ತು ಕೈ ಒಂದೇ ದಿಕ್ಕಿಗೆ ಹೋದವು. ಬೆಳಗಿನ ಗಂಟೆಯ ಬದಲು ಏನು ಬಡಿಯುತ್ತಿದ್ದರು? “ರೈಲು ಕಂಬಿ ತುಂಡು!” ಎಂದು ಹಜಾರವೇ ಕೂಗಿತು. ತಂಗಿಯನ್ನು ಕರೆದುಕೊಂಡು ಹೋದ ದಿನ ಅಣ್ಣ ಏನು ಮಾಡಿದ?

“ಗೇಟ್ ಇಡ್ಕಂಡು ಅತ್ತ,” ಎಂದರು ಒಬ್ಬರು.

“ನಂಗೂ ಒಬ್ಬ ಅತ್ತಿದ್ದ,” ಎಂದರು ಇನ್ನೊಬ್ಬರು.

“ಅಯ್ಯೋ, ಯಾರ್ ಓದ್ರೂ ಗೇಟ್ ಇಡ್ಕಂಡು ಯಾರಾರ ಅಳೋರು ಬುಡ್ರಕ್ಕ. ನಾನೂ ಎಷ್ಟ್ ಜನಕ್ಕೆ ಅತ್ತಿವ್ನಿ!” ಎಂದರು ದೇವರಾಜ್.

ಮಾವನವರು ಪುಸ್ತಕದ ಷರಾ ಕಾಲಂ ನೋಡಿದರು. ಹತ್ತೊಂಬತ್ತು ಮನೆ ಖಾಲಿ. ನೀರು ಅಲ್ಲಾಡುತ್ತಲೇ ಇತ್ತು, ನಿಲ್ಲುವ ಲಕ್ಷಣವಿರಲಿಲ್ಲ. “ಇವ್ರಲ್ಲಿ ಯಾರೋ ಒಬ್ಳು ಕಣವ್ವ,” ಎಂದು ನನಗಷ್ಟೇ ಕೇಳುವಂತೆ ಹೇಳಿದರು. “ಇಲ್ಲ ಯಾರೂ ಅಲ್ಲ. ಅವ್ಳು ಉಳ್ದೇ ಇಲ್ವೇನೋ.” ಆರು ತಿಂಗಳಿಂದ ಈ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಆ ಮಾತಿಗೆ ಎಲ್ಲಿ ಹೋಯಿತೋ ಕಾಣೆ.

ಅಡುಗೆಮನೆಯಲ್ಲಿ ಆಗಲೇ ಇನ್ನೊಬ್ಬರು ಮುದ್ದೆ ತೊಳಸುತ್ತಿದ್ದರು. ಹತ್ತೊಂಬತ್ತರಲ್ಲಿ ಒಬ್ಬರಾದ ಚನ್ನರಾಯಪಟ್ಟಣದ ಮುದ್ದಮ್ಮನ ಜೊತೆ ಬಂದಿದ್ದವರು, ಅದೇ ಊರಿನ ಸ್ಕೂಲೊಂದರಲ್ಲಿ ಬಿಸಿಯೂಟದ ಅಡುಗೆಯವರು. ನನ್ನ ಒಂದು ಪಾತ್ರೆ ಅನ್ನ ನೋಡಿ, “ಇದ್ಯಾವ ಮೂಲೆಗವ್ವ?” ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದವರು ಹೊರಗೇ ಬಂದಿರಲಿಲ್ಲ. ಬಾಗಿಲಲ್ಲಿ ಮಾವನವರು ಹೆಸರು ಕೇಳಿದ್ದಕ್ಕೆ, “ನಂದು ನಿಮ್ ಲೆಕ್ಕಕ್ಕೆ ಬರಲ್ಲ ಬುಡಿ ಸಾ, ಬೇರೆ,” ಎಂದಿದ್ದರು. ಪುಸ್ತಕದಲ್ಲಿ ಅವರಿರಲಿಲ್ಲ. ನನ್ನ ಫೋನಿನಲ್ಲಿ ಮಾತ್ರ ಇದ್ದರು.

ಪುಸ್ತಕವನ್ನೂ ಫೋನನ್ನೂ ತಾಳೆ ನೋಡಿದೆ. ದೇವರಾಜ್ ಅವರದ್ದು ಬಿಟ್ಟರೂ ಒಂದು ಫೋಟೋ ಹೆಚ್ಚು. ನೆಟ್ಟಗೆ ಮಾವನವರ ಹತ್ತಿರ ಹೋದೆ.

“ಮಾವ, ಅಡುಗೆಮನೇಲಿರೋರು ಒಬ್ಬರು ಮಾತ್ರ ನಮಗೆ ಸಂಬಂಧ ಇಲ್ಲದೋರು. ಮದುವೆಯಾಗಿಲ್ಲ, ಕಾರ್ಡಲ್ಲಿ ಅಪ್ಪನ ಹೆಸರೇ ಇದೆ. ಲಕ್ಕಮ್ಮ, ತಂದೆ ದ್ಯಾವಯ್ಯ. ಊಟ ಕೊಟ್ಟು ಕಳಿಸಿಬಿಡೋಣ್ವಾ? ಮಗು ಇರೋ ಮನೆ…”

ಮಾವನವರ ಪೆನ್ನು ಕೈಯಿಂದ ಉರುಳಿತು.

“ಏನಂದೆ?”

“ಲಕ್ಕಮ್ಮ.”

“ಅದಲ್ಲ. ಅಪ್ಪ.”

“ದ್ಯಾವಯ್ಯ.”

ಅವರು ಎದ್ದು ಹೋದ ರಭಸಕ್ಕೆ ಕುರ್ಚಿ ಬಿತ್ತು. ಹತ್ತೊಂಬತ್ತು ತಂಗಿಯರೂ ಹಿಂದೆಯೇ ನುಗ್ಗಿದರು, ನಮ್ಮ ಅಡುಗೆಮನೆ ಬಾಗಿಲಲ್ಲಿ ಸಿಕ್ಕಿಕೊಂಡರು. ಲಕ್ಕಮ್ಮ ಕೈಯಲ್ಲಿ ಮುದ್ದೆ ಉರುಳಿಸುತ್ತಾ ತಿರುಗಿದರು.

“ನಿನ್ ಕಾರ್ಡಲ್ಲಿ ದ್ಯಾವಯ್ಯ ಅಂತ ಯಾರು ಬರ್ಸಿದ್ದು?” ಮಾವನವರ ದನಿ ಇಲಾಖೆಯ ವಿಚಾರಣೆಯಂತಿತ್ತು.

“ನಾನೇ ಸಾ. ಸಾಕ್ದೋರು ಸ್ಕೂಲಿಗ್ ಸೇರ್ಸುವಾಗ ಅಪ್ಪನ ಎಸ್ರು ಏನವ್ವ ಅಂದ್ರು, ಯೋಳ್ದೆ. ನಂಗೆ ಗ್ಯಾಪಕ ಇದ್ದಿದ್ದು ಅದೊಂದೇ. ಕೊಳಾಯಿ ತಾವ ಒಬ್ಬ ಉಡ್ಗ ದಿನಾ ಕಿವಿ ಇಂಡಿ ಯೋಳಿಸ್ತಿದ್ದ. ತಪ್ಪು ಯೋಳುದ್ರೆ ನೀರು ಇಡ್ಕಳಕ್ಕೆ ಬುಡ್ತಿರ್ನಿಲ್ಲ, ಮುಂಡೇಗಂಡ.”

ಮಾವನವರು ನಿಧಾನಕ್ಕೆ ಕೈ ಚಾಚಿ, ಅರವತ್ತಮೂರು ವರ್ಷದ ಆ ಹೆಂಗಸಿನ ಎಡಗಿವಿಯನ್ನು ಹಿಡಿದು ಹಿಂಡಿದರು.

“ದ್ಯಾವಯ್ಯ,” ಎಂದರು ಲಕ್ಕಮ್ಮ. ಅವರ ಕೈಯಲ್ಲಿದ್ದ ಮುದ್ದೆ ಚಪ್ಪಟೆಯಾಗಿತ್ತು.

ಅಣ್ಣ ತಂಗಿ ಅಳುವುದಕ್ಕೆ ನಮ್ಮ ಅಡುಗೆಮನೆಯಲ್ಲಿ ಜಾಗವಿರಲಿಲ್ಲ. ಉಳಿದವರೆಲ್ಲ ಮೊದಲೇ ಅಳಲು ಶುರುಮಾಡಿದ್ದರು. ಸ್ವಲ್ಪ ಹೊತ್ತಿನ ಮೇಲೆ ಲಕ್ಕಮ್ಮ ಮೂಗು ಒರೆಸಿಕೊಂಡು ಕೇಳಿದರು: “ಅಣ್ಣ, ಲಕ್ಕಮ್ಮ ಅನ್ನೋದು ಸಾಕ್ದೋರು ಇಕ್ಕಿದ್ದು. ನಮ್ಮವ್ವ ಏನಂತ ಇಕ್ಕಿದ್ಲು? ಅದ್ನ ಕೇಳನ ಅಂತ್ಲೇ ಇವ್ರ್ ಜೊತೆ ಬಂದೆ. ಯಾರ್ಗಾದ್ರೂ ಗೊತ್ತಿದ್ದಾತು ಅಂತ.”

ಮಾವನವರು ನನ್ನ ಕಡೆ ನೋಡಿದರು. ನನ್ನ ಸೊಂಟದ ಮೇಲಿದ್ದ ಮಗುವನ್ನು ನೋಡಿದರು. “ಇಕ್ಕಿರ್ನಿಲ್ಲ ಕಣವ್ವ. ಕೂಸು ಅಂತಿದ್ವಿ.”

“ಅಷ್ಟೇನಾ?” ಲಕ್ಕಮ್ಮ ನಕ್ಕರು. “ನಾನೇನೋ ಬಾರಿ ಎಸ್ರು ಇರ್ತದೆ ಅಂದ್ಕಂಡಿದ್ದೆ.”

ಅಂದೇ ಹೆಸರಿಡುವುದೆಂದಾಯಿತು. ತೊಟ್ಟಿಲಿಗೆ ಹೂ ಕಟ್ಟಿದ್ದೇ ತಡ, ಗಲಾಟೆ ಶುರುವಾಯಿತು.

“ಇವ್ಳ್ ದಾಖ್ಲೇಲಿ ಬೇರೆ ಅಪ್ಪ ಅವ್ನೆ. ಕಾಯ್ದೆ ಪ್ರಕಾರ ನಾವ್ ತಂಗೀರು!” ಎಂದರು ಪ್ರೇಮಕುಮಾರಿ.

“ಬಸ್ಸತ್ತಿ ಬಂದಿವ್ನಿ, ಎಸ್ರು ಕರೀದೆ ಓಗಲ್ಲ ಕಣಪ್ಪ,” ಎಂದು ಎಪ್ಪತ್ತೈದರ ತಂಗಿ ತೊಟ್ಟಿಲ ಪಕ್ಕದಲ್ಲೇ ಕಾಲು ನೀಡಿದರು. “ಎಲ್ಲಾರ್ಗೂ ತವ್ರು ಅಂತ ಇರ್ತದೆ. ನನ್ ಮೊಮ್ಮಕ್ಳಿಗೆ ನಾನೂ ಯೋಳ್ಬುಟ್ ಬಂದಿವ್ನಿ, ತವ್ರಿಗ್ ಓಯ್ತೀನಿ ಅಂತ. ಈಗ ಏನಂತ ಯೋಳ್ಲಿ?”

ಮಾವನವರು ಬಿದ್ದ ಕುರ್ಚಿ ಎತ್ತಿ ಕೂತರು, ಪುಸ್ತಕ ತೊಡೆಯ ಮೇಲಿಟ್ಟುಕೊಂಡರು. ಷರಾ ಕಾಲಮ್ಮಿನಲ್ಲಿ ಒಂದರಿಂದ ಹತ್ತೊಂಬತ್ತರವರೆಗೆ ಗುಂಡಗೆ ‘ಹೌದು’ ಎಂದು ಬರೆದರು. ಆಮೇಲೆ ಇಪ್ಪತ್ತನೆಯ ಸಾಲು ಎಳೆದು ಲಕ್ಕಮ್ಮ, ತಂದೆ ದ್ಯಾವಯ್ಯ ಎಂದು ಬರೆದು, ಅದರ ಮುಂದೆ ‘ಇದೂ ಹೌದು’ ಎಂದು ಬರೆದರು. ಓದಿ ಹೇಳಿದರು. ಯಾರೂ ತಕರಾರು ತೆಗೆಯಲಿಲ್ಲ.

ಹೀಗಾಗಿ ನನ್ನ ಮಗಳ ಕಿವಿಯಲ್ಲಿ ಇಪ್ಪತ್ತು ಸೋದರತ್ತೆಯರು ತಲಾ ಮೂರು ಸಲ ‘ಧನ್ಯಾ’ ಎಂದರು. ಒಟ್ಟು ಅರವತ್ತು. ಎಲೆ ಅಡಿಕೆಯ ಬಾಯಿ, ನಶ್ಯದ ಮೂಗು, ಒಬ್ಬರಿಗಂತೂ ಕೆಮ್ಮು. ನಾನು ಸ್ಯಾನಿಟೈಸರ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಏಳನೆಯವರ ಹೊತ್ತಿಗೆ ಮಗು ನಿದ್ದೆ ಹೋಯಿತು. ಹದಿನಾಲ್ಕಕ್ಕೆ ಎದ್ದು ಅತ್ತಿತು. ಕೊನೆಯದಾಗಿ ಲಕ್ಕಮ್ಮ ಬಂದು ಎಲ್ಲರಂತೆ ನನ್ನ ಮುಂದೆ ಅಂಗೈ ಚಾಚಿದರು. ಬೆರಳ ಸಂದಿಯಲ್ಲಿ ಇನ್ನೂ ರಾಗಿಹಿಟ್ಟಿತ್ತು. ಬಾಟಲಿ ಒತ್ತಿದೆ. ಗಾಳಿ ಬಂತು. ಇನ್ನೊಮ್ಮೆ ಒತ್ತಿದೆ.

“ಕೈ ತೊಳ್ಕೊಂಡು ಬರ್ಲಾ ಮಗ?” ಎಂದರು.

ತೊಳೆದುಕೊಂಡು ಬನ್ನಿ ಎಂದೇ ಹೇಳಬೇಕೆಂದಿದ್ದೆ. “ಬೇಡ ಅತ್ತೆ, ಎತ್ಕೊಳ್ಳಿ,” ಎಂದುಬಿಟ್ಟೆ. ಅವರು ಎತ್ತಿಕೊಂಡರು, ಕಿವಿಗೆ ಬಾಯಿಟ್ಟು ಹೇಳಿದರು. ಮೂರಲ್ಲ, ನಾಲ್ಕು ಸಲ. ನಾನು ಎಣಿಸುತ್ತಿದ್ದೆ. ನಾಲ್ಕನೆಯದು ‘ಧನ್ಯಾ’ ಆಗಿರಲಿಲ್ಲ, ‘ಕೂಸು’ ಎಂದಿದ್ದರು. ಮಗು ತಿರುಗಿ ಅವರ ಮುಖವನ್ನೇ ನೋಡಿತು.

ಗೌರಿ ಹಬ್ಬ ಹತ್ತಿರ ಬಂದಿದೆ. ತವರಿನ ಬಾಗಿನ ಒಬ್ಬೊಬ್ಬರಿಗೂ ಜೋಡಿ ಮೊರದಲ್ಲಿ ಕೊಡಬೇಕು, ಇಪ್ಪತ್ತು ತಂಗಿಯರಿಗೆ ನಲವತ್ತು ಮೊರ. ಅವು ಹಜಾರದಲ್ಲಿ ಸೂರು ಮುಟ್ಟುತ್ತಿವೆ, ಮಗುವಿನ ಮೇಲೆ ಬಿದ್ದರೆ ಏನು ಗತಿ ಎಂದು ನಾನು ಹಗ್ಗ ಕಟ್ಟಿದ್ದೇನೆ. ಮಾವನವರು ಬೆಳಿಗ್ಗೆಯಿಂದ ಬಸ್ಸಿನ ವೇಳಾಪಟ್ಟಿ ಬರೆಯುತ್ತಾ ಕೂತಿದ್ದಾರೆ. ಕಂಡಕ್ಟರ್ ಒಂದು ಸಲಕ್ಕೆ ಎಂಟಕ್ಕಿಂತ ಹೆಚ್ಚು ಮೊರ ಹತ್ತಿಸಲ್ಲ ಎಂದಿದ್ದಾನಂತೆ. ಮೊದಲು ಲಕ್ಕಮ್ಮನವರ ಚನ್ನರಾಯಪಟ್ಟಣ.