ಅಮೋಘಸಿದ್ದನ ಹವಳದ ಹಿಂಡು

ಅಮೋಘಸಿದ್ದ ಬರುವುದು ದೂರದಲ್ಲಿ ಕಂಡರೆ ಜಲನಗರದ ಅಂಗಡಿಕಾರರು ಅರ್ಧ ಶಟರ್ ಎಳೆಯುತ್ತಿದ್ದರಂತೆ. ಸಾಲಗಾರನಲ್ಲ, ಪುಂಡನಲ್ಲ. ಅರಕೇರಿಯ ಕುರಿಗಾರರ ಮನೆತನದವನು, ಅಷ್ಟೇ. ಕುರಿ ಕೊಳ್ಳುವಾಗ ಬೆನ್ನೆಲುಬು ಒತ್ತುವುದು, ತುಟಿ ಎತ್ತಿ ಹಲ್ಲು ನೋಡುವುದು, ನಡೆಸಿ ನೋಡುವುದು ಅವರ ವಂಶದ ಪದ್ಧತಿ. ಅವನು ಕುರಿ ಬಿಟ್ಟು ಶಾಲೆಯ ವ್ಯಾನು ಹೊಡೆಯತೊಡಗಿದರೂ ಪದ್ಧತಿ ಅವನನ್ನು ಬಿಡಲಿಲ್ಲ. ಕುಕ್ಕರಿನ ಬಾಯಿ ತೆರೆಸಿ ಇಣುಕಿದ. ಟೇಬಲ್ ಫ್ಯಾನಿನ ಬೆನ್ನು ಒತ್ತಿದ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಅಂಗಡಿಯ ಮುಂದೆ ನಡೆಸಿದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಕುರ್ಚಿ ಕುಂಟಿತಂತೆ, ಮಹಾಶಯ ಹಾಗೆಯೇ ಮುಂದೆ ನಡೆದನಂತೆ.

ಇಂಥ ವೀರನ ಮನೆಯಲ್ಲಿ ಕತ್ತಲು ಮೆಲ್ಲಗೆ ಇಳಿಯುತ್ತಿತ್ತು. ಹೆಂಡತಿ ಮಹಾನಂದಾಳ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದೂ ಬಹಳ ದಿನ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿ ಮುಗಿಸಿದ್ದರು. ಸೀರೆಯ ಅಂಚು, ಹಂಚಿನ ಮೇಲಿನ ರೊಟ್ಟಿ, ಗಂಡನ ಮುಖ, ಅವಳಿಗೆ ಎಲ್ಲವೂ ಒಂದೇ ಬೂದಿ ಬಣ್ಣ.

ಒಮ್ಮೆ ದವಾಖಾನೆಯಿಂದ ಬರುವಾಗ ಇಬ್ಬರೂ ಬಿಸಿಲಿಗೆ ಸೋತು ಸೈಫುದ್ದೀನನ ಸಾಕುಮೀನಿನ ಅಂಗಡಿ ಹೊಕ್ಕರು. ಹಿಂದಿನ ಕತ್ತಲ ಮೂಲೆಯಲ್ಲಿ ನೀಲಿ ದೀಪದ ಕೆಳಗೊಂದು ಗಾಜಿನ ತೊಟ್ಟಿ. ಅದರೊಳಗೆ ಏನೋ ಹೊಳೆಯುತ್ತಿತ್ತು. ಮಹಾನಂದಾ ನಿಂತುಬಿಟ್ಟಳು.

"ಇದು ಕಾಣತೈತ್ರಿ," ಎಂದಳು. "ಹಸರು. ಅದರ ಬಾಜೂಕ ಕೆಂಪು."

ಬಣ್ಣದ ಹೆಸರು ಅವಳ ಬಾಯಿಂದ ಕೇಳಿ ಎಷ್ಟೋ ಕಾಲವಾಗಿತ್ತು. ಅಮೋಘಸಿದ್ದ ಆಗಲೇ ತೀರ್ಮಾನಿಸಿದ: ಅವಳ ಕಣ್ಣು ಪೂರ್ತಿ ಮುಚ್ಚುವುದರೊಳಗೆ ಸಮುದ್ರ ಮನೆಗೆ ಬರಬೇಕು. ನಲ್ಲಿ ನೀರೇ ಪಾಳಿಯ ಮೇಲೆ ಬರುವ ಓಣಿಗೆ ಸಮುದ್ರ!

"ಏನೋ ಸೈಫು ಇವು? ಹೂವೋ, ಹುಳಾನೋ?"

"ಮೆತ್ತನ ಹವಳ ಅಣ್ಣಾ. ಜೀವ ಇದ್ದಾವು. ಸಮುದ್ರದಾಗಿಂದ ಕಿತ್ತದ್ದಲ್ಲ, ತೊಟ್ಟಿನ್ಯಾಗ ಬೆಳೆಸಿ ಕಡದ ತುಂಡು."

ಅಮೋಘಸಿದ್ದ ಅಂಗಿಯ ತೋಳು ಮಡಚಿದ.

"ಏ, ಕೈ ಹಾಕಬ್ಯಾಡ! ಹಲ್ಲ ನೋಡ್ತೀಯೇನ್ ಅದರ್ದು?"

"ಮತ್ತ ಹೆಂಗ ಆರಸೂದು?"

"ಅರಳಿ ನಿಂತದ್ದು ಛಲೋ. ಮುದುಡಿದ್ದು, ಬುಡ ಕೊಳತದ್ದು ಬ್ಯಾಡ."

"ಅಷ್ಟಽ? ಹಂಗಾರ ಕುರಿನಽ ಆತು ಬಿಡು."

ಅವನ ಕಣ್ಣು ಮಾತ್ರ ನೇರಳೆ ತುದಿಯ, ಕೊಂಬೆ ಕೊಂಬೆಯಾಗಿ ಚಾಚಿದ ಒಂದರ ಮೇಲೆ ಬಿತ್ತು. ಸೈಫುದ್ದೀನ ತಲೆಯಾಡಿಸಿದ. "ಅದು ಗಟ್ಟಿ ಹವಳ, ನವಾಬರ ಮಗಾ ಇದ್ದಂಗ. ನೀರು ಒಂಚೂರು ಹೆಚ್ಚುಕಡಿಮಿ ಆದ್ರ ಜೀವಾ ಬಿಡತೈತಿ. ಮೊದಲ ತಾಳಿಕೊಳ್ಳೂವಂಥಾವು ತಗೋ."

ಹಾಗೆ ಆಯ್ಕೆಯಾದವು ಮೂರು. ಮಂದ ಬೆಳಕಿಗೂ ತಕರಾರು ಮಾಡದ ಕೆಂಪು ಅಣಬೆ ಹವಳ. ಹಸಿರು ನಕ್ಷತ್ರಗಳ ಚಾಪೆಯಂಥದ್ದು, ಅದು ಸಿಕ್ಕಲ್ಲೆಲ್ಲ ಹಬ್ಬುವ ಜಾತಿಯಾದ್ದರಿಂದ ಬೇರೆ ಕಲ್ಲಿನ ಮೇಲೆ. ಇನ್ನೊಂದು ಪುಟ್ಟ ಮುಷ್ಟಿಗಳನ್ನು ಬಿಚ್ಚಿ ಮುಚ್ಚುವ ಗುಲಾಬಿ ಬಣ್ಣದ್ದು. ಬಣ್ಣ ಬಣ್ಣದ ಗುಂಡಿಗಳಂಥ ಹವಳ ಎಲ್ಲಕ್ಕಿಂತ ಚಂದವಿತ್ತು. ಆದರೆ ಅದರ ಮೈಯಲ್ಲಿ ವಿಷವಿದೆಯೆಂದು ತಿಳಿದಾಗ ಅಮೋಘಸಿದ್ದ ಹಿಂದೆ ಸರಿದ. ಮಹಾನಂದಾ ಈಗ ಪ್ರತಿಯೊಂದನ್ನೂ ಮುಟ್ಟಿಯೇ ನೋಡುತ್ತಿದ್ದಳು.

ತೊಟ್ಟಿ ಬಂತು, ನೀರಿಗೆ ಸಮುದ್ರದ ಉಪ್ಪು ಬಿತ್ತು. ನೀರು ಹದಕ್ಕೆ ಬರುವ ತನಕ ಹವಳ ಕೊಡುವುದಿಲ್ಲವೆಂದು ಸೈಫುದ್ದೀನ ಹಟ ಹಿಡಿದ. "ಬಂದ್ವೇನ್ರಿ?" ಎಂದು ಮಹಾನಂದಾ ಬೆಳಗೆದ್ದು ಕೇಳುವಳು. ಕೇಳುತ್ತಾ ಗೋಡೆ ಹಿಡಿದು ನಡೆಯುವುದನ್ನು ಕಲಿತಳು.

ಕೊನೆಗೂ ಬಂದವು. ಅರಕೇರಿಯಲ್ಲಿ ಹೊಸ ಕುರಿ ಹಿಂಡು ಸೇರುವಾಗ ಮನೆಯೊಡತಿ ಅದರ ಹಣೆಗೆ ದೇವರ ಭಂಡಾರ, ಅಂದರೆ ಅರಿಷಿಣ ಪುಡಿ, ಹಚ್ಚಬೇಕು. ಹಚ್ಚದಿದ್ದರೆ ಹಿಂಡಿಗೆ ಏಳಿಗೆಯಿಲ್ಲ.

"ಇವೂ ಜೀವ ಇದ್ದಾವಲ್ರಿ," ಎಂದಳು ಮಹಾನಂದಾ. "ಭಂಡಾರ ಬ್ಯಾಡೇನು?"

"ಬೇಕಲ್ಲ ಮತ್ತ! ಒಂದ ಚಿಟಿಕಿ ಹಾಕು."

ಹವಳಕ್ಕೆ ಹಣೆಯಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕಾಣದ ಕೈಗೆ ಚಿಟಿಕೆಯ ಅಳತೆಯೂ ಸಿಗಲಿಲ್ಲ. ಮುಷ್ಟಿ ತುಂಬ ಭಂಡಾರ ಬಿತ್ತು. ಜಲನಗರದ ಸಮುದ್ರ ಹಳದಿಯಾಯಿತು, ಹಿಂಡಿಗೆ ಹಿಂಡೇ ಮುದುಡಿತು.

"ಅರಿಷಿಣಾನಾ?" ಫೋನಿನಲ್ಲಿ ಸೈಫುದ್ದೀನ ಕಿರುಚಿದ. "ಹವಳದ ಸಾರು ಮಾಡಾಕತ್ತೀಯೇನ ಯಪ್ಪಾ?" ಆಮೇಲೆ ದನಿ ಇಳಿಸಿದ. "ಲಗೂ ಲಗೂ ನೀರು ಬದಲಿ ಮಾಡು ಅಣ್ಣಾ. ನಾ ಬಂದೆ."

ನೀರು ಬದಲಿಸಿದರು, ಮತ್ತೆ ಬದಲಿಸಿದರು. ಗುಲಾಬಿ ಮುಷ್ಟಿಗಳು ಕರಗಿ ಲೋಳೆಯಾದವು. ಕೆಂಪು ಅಣಬೆಗಳು ಚಕ್ಕಳದಂತೆ ಸುಕ್ಕುಗಟ್ಟಿ ಕಲ್ಲಿನಿಂದ ಉದುರಿದವು. ಹಸಿರು ಚಾಪೆ ನಕ್ಷತ್ರಗಳನ್ನು ಒಳಗೆಳೆದುಕೊಂಡು ಬರೀ ಕಂದು ತೊಗಲಾಗಿ ಬಿದ್ದಿತ್ತು.

"ನಾನಽ ಕೊಂದೆನಲ್ರಿ," ಎಂದಳು ಮಹಾನಂದಾ.

"ಹಾಕು ಅಂದಾಂವ ನಾನು."

ಅನಂತರ ಆ ಮನೆಯಲ್ಲಿ ಆ ಮಾತು ಎದ್ದಿಲ್ಲ.

ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಆ ತೊಗಲಿನಿಂದ ನಕ್ಷತ್ರಗಳು ಒಂದೊಂದಾಗಿ ಹೊರಬಂದವು. ಅಮೋಘಸಿದ್ದ ಹೆಂಡತಿಯನ್ನು ಕೈಹಿಡಿದು ತಂದು ತೊಟ್ಟಿಯ ಮುಂದೆ ಕೂಡಿಸಿದ. ಅವಳು ಗಾಜಿಗೆ ಹಣೆಯೊತ್ತಿ ಬಹಳ ಹೊತ್ತು ಕೂತಳು.

"ಲೈಟ್ ಹಚ್ಚೀರೇನ್ರಿ?"

ದೀಪ ಉರಿಯುತ್ತಲೇ ಇತ್ತು.

ಈಗ ದಿನಾ ಸಂಜೆ ಇಬ್ಬರೂ ತೊಟ್ಟಿಯ ಮುಂದೆ ಕೂಡುತ್ತಾರೆ. ಓಣಿಗೆ ಇಷ್ಟು ಸಾಕಾಯಿತು. ಸತ್ತ ಹವಳಗಳು ಇನ್ನೂ ಅರಳಿ ನಿಂತಿವೆಯೆಂದು ಅಮೋಘಸಿದ್ದ ಹೆಂಡತಿಗೆ ಬಣ್ಣಿಸುತ್ತಾನೆ, ಆ ಪುಣ್ಯದ ಸುಳ್ಳಿನಿಂದಲೇ ಅವಳು ಬದುಕಿದ್ದಾಳೆ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಸುದ್ದಿ ತಿಕೋಟಾದ ಬಸ್ಸು ಹತ್ತಿತು, ಬಬಲೇಶ್ವರ ತಲುಪುವ ಹೊತ್ತಿಗೆ ಅಮೋಘಸಿದ್ದ ಶರಣನೇ ಆಗಿದ್ದ. ಉಪ್ಪು ಕೊಡಲು ಬಂದ ಸೈಫುದ್ದೀನ ಚೀಲ ಕೆಳಗಿಟ್ಟು ಕೇಳಿದ:

"ಖರೇನೇನ ಅಣ್ಣಾ? ಕೆಂಪೂ ಅದಾವ, ಗುಲಾಬೀನೂ ಅದಾವ ಅಂತ ಮಹಾನಂದಾ ವೈನಿಗೆ ದಿನಾ ಹೇಳ್ತೀಯಂತ?"

ಅಮೋಘಸಿದ್ದ ಗಾಜಿನ ಪಾಚಿ ಕೆರೆಯುತ್ತಿದ್ದ, ತಲೆ ಎತ್ತಲಿಲ್ಲ.

"ಸುಳ್ಳ ಯಾಕ ಹೇಳಲಿ? ಹಸರೊಂದಽ ಉಳದೈತಿ ಅಂತ ಹೇಳೇನಿ."