ಆ ಒಂದು ಎಲ್ಲಿಂದ ಬಂತು

ದೊಡ್ಡ ಟೀಚರ್ ಅವರ ಎಡಗೈಯಲ್ಲಿ ಹಸಿರು ಗಾಜಿನ ಬಳೆ ನಾಲ್ಕು. ಅಲ್ಲಿಂದ ಮೊಣಕೈವರೆಗೂ ರಬ್ಬರ್ ಬ್ಯಾಂಡುಗಳು, ಕೆಂಪು, ಹಳದಿ, ನೀಲಿ. ಕೊತ್ತಂಬರಿ ಕಟ್ಟಿಗೆ ಸುತ್ತಿಬಂದ ಒಂದನ್ನೂ ಬಿಸಾಡುತ್ತಿರಲಿಲ್ಲ. ಬಿಚ್ಚಿದಾಗ ಮುಂಗೈ ಮೇಲೆ ಉಳಿಯುತ್ತಿದ್ದ ಗೆರೆಗಳನ್ನು ಎರಡನೇ ತರಗತಿಯ ಮಕ್ಕಳು ಬೆರಳಿಟ್ಟು ಎಣಿಸುತ್ತಿದ್ದರು. ಅವರು ಸುಮ್ಮನೆ ಕೈ ಚಾಚಿಕೊಂಡು ಕೂತಿರುತ್ತಿದ್ದರು.

ಸಿರುಗುಪ್ಪ ತಾಲೂಕಿನಲ್ಲಿ, ದೇಶನೂರಿನ ಆಚೆ, ಭತ್ತದ ಗದ್ದೆಗಳ ನಡುವೆ ನಮ್ಮ ಶಾಲೆ. ಅವರು ಕುರುಗೋಡಿನಿಂದ ಬರುತ್ತಿದ್ದರು, ನಾನು ಬಳ್ಳಾರಿಯಿಂದ. ಮಕ್ಕಳಿಗೆ ಅವರು ದೊಡ್ಡ ಟೀಚರ್, ನಾನು ಸಣ್ಣ ಟೀಚರ್. ಕೆಲಸ ಸಿಕ್ಕ ಹೊಸತು. ನನಗೆ ಎಲ್ಲವೂ ಗೊತ್ತಿತ್ತು.

ಒಂದು ದಿನ ಬೋರ್ಡಿನ ಮೇಲೆ ಇಪ್ಪತ್ತೇಳಕ್ಕೆ ಹದಿನೈದು ಕೂಡಿಸುತ್ತಿದ್ದೆ. “ಏಳು, ಐದು, ಹನ್ನೆರಡು. ಎರಡು ಬರಿ, ಕೈಯಾಗ ಒಂದು” ಎಂದೆ. ಮುಂದೆ ಕೂತಿದ್ದ ಹುಡುಗಿ ತನ್ನ ಅಂಗೈ ಬಿಡಿಸಿ ನೋಡಿಕೊಂಡಳು. ಆಮೇಲೆ ಹಿಂದುಮುಂದು ತಿರುಗಿಸಿದಳು.

“ಟೀಚರ್, ನನ್ನ ಕೈಯಾಗ ಏನೂ ಇಲ್ಲರೀ. ಆ ಒಂದು ಎಲ್ಲಿಂದ ಬಂತ್ರಿ?”

ಇಡೀ ತರಗತಿ ನಕ್ಕಿತು. ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಅನ್ನಿಸಿ ತಲೆ ಕಾಯಿತು. “ಹೇಳಿದಷ್ಟು ಮಾಡು” ಎಂದು ಗದರಿ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಹಾಜರಿ ಕರೆಯುವಾಗ ಪಕ್ಕದಲ್ಲಿ ಕೂರುತ್ತಿದ್ದವಳು ಹೇಳಿದಳು: “ಅಕಿ ಇನ್ನ ಸಾಲಿಗೆ ಬರಂಗಿಲ್ಲಂತ್ರಿ. ಅವರವ್ವನ ಕೂಡ ನಾಟಿಗೆ ಹೊಕ್ಕಾಳ.”

ದೊಡ್ಡ ಟೀಚರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೊಡೆ ತೆಗೆದುಕೊಂಡರು.

“ನಡೀರಿ, ಹೋಗಿ ಬರೂಣು.”

ಶಾಲೆ ಬಿಟ್ಟ ಮೇಲೆ ಕಾಲುವೆ ಪಕ್ಕದ ದಾರಿಯಲ್ಲಿ ನಡೆಯುತ್ತಾ ಕೇಳಿದರು, “ಖರೇ ಹೇಳ್ರಿ, ಆ ಒಂದು ಎಲ್ಲಿಂದ ಬಂತು ಅಂತ ನಿಮಗ ಗೊತ್ತೈತೇನು?”

“ಹತ್ತರ ಸ್ಥಾನಕ್ಕೆ...” ಎಂದು ಶುರು ಮಾಡಿದೆ.

“ಪುಸ್ತಕದ ಮಾತು ಬ್ಯಾಡ. ಅಕಿ ಕೈಯಾಗ ಇಡೂವಂಥದ್ದು ಹೇಳ್ರಿ.”

ನನಗೂ ಯಾರೋ “ಕೈಯಾಗ ಒಂದು” ಎಂದು ಹೇಳಿಕೊಟ್ಟಿದ್ದರು. ನಾನು ಕೈ ನೋಡಿಕೊಂಡಿರಲಿಲ್ಲ, ಅಷ್ಟೆ.

“ಅಂದ್ರ ಅಕಿ ಕೇಳಿದ್ದು ಛಲೋ ಪ್ರಶ್ನಿ. ಹಂಗಂತ ಅಕಿಗೇ ಹೇಳಿಬಿಡ್ರಿ” ಎಂದರು.

ಗದ್ದೆಯ ಬದುವಿನ ಮೇಲೆ ಹೋಗುವಾಗ ಅವರ ಕಾಲು ಜಾರಿ ಮೊಣಕಾಲವರೆಗೂ ಕೆಸರಲ್ಲಿ ಹೂತಿತು. ನಾಟಿ ಮಾಡುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. “ನಗ್ರಿ, ನಗ್ರಿ! ಚಪ್ಪಲಿ ಹುಡುಕಿ ಕೊಟ್ಟು ನಗ್ರಿ” ಎಂದು ಅವರೇ ಮೊದಲು ನಕ್ಕರು. ಹುಡುಗಿಯ ತಾಯಿ ಕೆಸರುಗೈ ಒರೆಸಿಕೊಳ್ಳುತ್ತಾ ಓಡಿಬಂದಳು.

“ನನ ಮಗಳು ಏನರ ತಪ್ಪು ಮಾಡ್ಯಾಳೇನ್ರಿ?”

“ತಪ್ಪು ನಮ್ಮದೈತವ್ವ. ಅದನ್ನ ಹೇಳಾಕ ಬಂದೀವಿ.”

ಹುಡುಗಿ ತಾಯಿಯ ಹಿಂದೆ ಅಡಗಿ ನಿಂತಿದ್ದಳು. ನಾನು ಬಗ್ಗಿ ಅವಳ ಎತ್ತರಕ್ಕೆ ಕೂತೆ. ಏಳು ವರ್ಷದ ಮಗುವಿನ ಮುಂದೆ ತಪ್ಪೊಪ್ಪಿಕೊಳ್ಳುವುದು ಅಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ. “ನಿನ್ನ ಬೈದದ್ದು ನನ್ನ ತಪ್ಪು. ಆ ಒಂದು ಎಲ್ಲಿಂದ ಬಂತು ಅಂತ ನನಗೂ ಗೊತ್ತಿಲ್ಲ. ನಾಳೆ ಬಾ, ಕೂಡಿ ಹುಡುಕೋಣ” ಎಂದೆ. ಅವಳು ತಾಯಿಯ ಹಿಂದಿನಿಂದ ಇಣುಕಿದಳು. “ಟೀಚರಿಗೂ ಗೊತ್ತಿಲ್ಲೇನ್ರಿ?” ಎಂದು ದೊಡ್ಡ ಟೀಚರನ್ನು ಕೇಳಿದಳು. ಅವರು ಗಂಭೀರವಾಗಿ ತಲೆಯಾಡಿಸಿದರು.

ಮರುದಿನ ಅವಳು ಬಂದಳು. ದೊಡ್ಡ ಟೀಚರ್ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಎರಡು ಮನೆ ಬರೆದರು: ಬಲಕ್ಕೆ ಬಿಡಿ ಮನೆ, ಎಡಕ್ಕೆ ಕಟ್ಟಿನ ಮನೆ. ಕಸಬರಿಗೆ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದರು. ಪಕ್ಕದಲ್ಲಿ ಆಂಧ್ರದ ರೈತರು ಬಂದು ನೆಲೆಸಿದ್ದ ಕ್ಯಾಂಪಿನ ತೆಲುಗು ಮಕ್ಕಳಿಗೆ “ಪದಿ ಅಂಟೇ ಒಕ ಕಟ್ಟ” ಎಂದರು, ಉಳಿದವರತ್ತ ತಿರುಗಿ, “ಹತ್ತು ಅಂದ್ರ ಒಂದು ಕಟ್ಟು. ಅವರಿಗೂ ನಮಗೂ ಒಂದು ಕೊಂಬಷ್ಟೇ ಫರಕು” ಎಂದು ಕಣ್ಣು ಮಿಟುಕಿಸಿದರು.

ಎರಡು ಕಟ್ಟು, ಏಳು ಬಿಡಿ. ಅದರ ಕೆಳಗೆ ಒಂದು ಕಟ್ಟು, ಐದು ಬಿಡಿ. ಬಿಡಿ ಕಡ್ಡಿಗಳನ್ನೆಲ್ಲ ಗುಡ್ಡೆ ಹಾಕಿದಾಗ ಹನ್ನೆರಡಾದವು.

“ಈ ಮನ್ಯಾಗ ಒಂಬತ್ತು ಮಂದಿಗಿಂತ ಹೆಚ್ಚಿಗೆ ಇರಾಕ ಜಾಗ ಇಲ್ಲ. ಏನು ಮಾಡೂಣು?”

ಹುಡುಗಿ ಎದ್ದುಬಂದು ಹತ್ತು ಕಡ್ಡಿ ಎಣಿಸಿ ಕಟ್ಟಿದಳು. ಆ ಕಟ್ಟನ್ನು ಹಿಡಿದು ಎಡಗಡೆಯ ಮನೆಗೆ ಹೊರಟವಳು ನಡುದಾರಿಯಲ್ಲಿ ನಿಂತು ತನ್ನ ಮುಷ್ಟಿ ನೋಡಿಕೊಂಡಳು.

“ಕೈಯಾಗ ಒಂದು!” ಎಂದು ಕೂಗಿದಳು. “ಸಣ್ಣ ಟೀಚರ್, ಸಿಕ್ತು ನೋಡ್ರಿ!”

ನನಗೂ ಅವತ್ತೇ ಸಿಕ್ಕಿತು.

ಕೆಲವು ವರ್ಷಗಳ ನಂತರ, ಶಾಲಾ ವರ್ಷದ ನಡುವೆಯೇ ಅವರು ನಿವೃತ್ತರಾದರು. ಶಾಲು, ಹಾರ, ಭಾಷಣ ಎಲ್ಲ ಆಯಿತು. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಬಸ್ಸಿನಿಂದ ಇಳಿದು ಬರುತ್ತಿದ್ದಾರೆ. ಹೆಡ್‌ಮಾಸ್ತರರು ತಬ್ಬಿಬ್ಬಾಗಿ, ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿಲ್ಲವಲ್ಲ ಎಂದರು.

“ಇರಲಿ ಬಿಡ್ರಿ ಸರ್. ಎರಡನೇತ್ತೆ ಮಕ್ಕಳಿಗೆ ಕಟ್ಟೋದು ಕಲಿಸೀನಿ, ಬಿಚ್ಚೋದು ಕಲಿಸಿಲ್ಲ. ಕಳೆಯೋ ಲೆಕ್ಕ ಹಂಗ ಉಳದೈತಿ.”

ಹೀಗೆ ಎರಡು ವಾರ ಬಂದರು. ಕೊನೆಯ ದಿನ ಮಕ್ಕಳ ಜೊತೆ ಹಿಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, “ಇವತ್ತು ನೀವು ಹೇಳ್ರಿ” ಎಂದು ನನಗೆ ಬೋರ್ಡು ತೋರಿಸಿದರು. ನಲವತ್ತೆರಡರಲ್ಲಿ ಹದಿನೇಳು ಕಳೆಯಬೇಕು. ಅವರು ಕೂತಿದ್ದಾರೆಂಬ ಗಾಬರಿಗೆ ನಾನು ಸರಸರ ಹೇಳಿ ಮುಗಿಸಿದೆ. “ತಿಳೀತೇನು?” ಎಂದೆ. “ಹೌದ್ರೀ” ಎಂದು ಎಲ್ಲರೂ ರಾಗ ಎಳೆದರು. ಹಿಂದಿನ ಸಾಲಿನಿಂದ ಹಸಿರು ಬಳೆಯ ಒಂದೇ ಒಂದು ಕೈ ಎದ್ದಿತು.

“ಟೀಚರ್, ನನಗ ತಿಳೀಲಿಲ್ಲರೀ. ಇನ್ನೊಮ್ಮೆ ಹೇಳ್ತೀರೇನು?”

ಮಕ್ಕಳು ಹಿಂದೆ ತಿರುಗಿ ನೋಡಿ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಅಲ್ಲೊಂದು ಕೈ ಎದ್ದಿತು, ಇಲ್ಲೊಂದು. “ನನಗೂ ತಿಳೀಲಿಲ್ಲರೀ.” ಆರೇಳು ಜನ. ನಾನು ಬೋರ್ಡ್ ಒರೆಸಿ ಮೊದಲಿನಿಂದ ಶುರು ಮಾಡಿದೆ.

ಈಗ ಅವರು ಕುರುಗೋಡಿನಲ್ಲೇ ಇದ್ದಾರೆ. ಶನಿವಾರ ಫೋನ್ ಮಾಡಿದರೆ ನನ್ನ ಆರೋಗ್ಯ ವಿಚಾರಿಸುವ ಮೊದಲೇ, “ಎಷ್ಟು ಮಂದಿ ಕೈ ಎತ್ತಿದ್ರು?” ಎನ್ನುತ್ತಾರೆ. ಮೊನ್ನೆ, ಯಾರೂ ಎತ್ತಲಿಲ್ಲ ಎಂದು ತುಸು ಜಂಬದಿಂದಲೇ ಹೇಳಿದೆ.

“ಹಂಗಾದ್ರ ಪಾಠ ಆಗಿಲ್ಲ. ಇನ್ನೊಮ್ಮೆ ಮಾಡ್ರಿ” ಎಂದು ಫೋನ್ ಇಟ್ಟರು.

ಸೋಮವಾರ ಇನ್ನೊಮ್ಮೆ ಮಾಡಿದೆ. ನಾಲ್ಕು ಕೈ ಎದ್ದವು.